ಮಹಿಳಾ ಡೇರಿಯ ಅಧ್ಯಕ್ಷೆಯಾಗಿದ್ದೇನೆ, ಸಭೆಯಲ್ಲಿ ಮಾತೇ ಹೊರಡುವುದಿಲ್ಲ. ಆತ್ಮವಿಶ್ವಾಸ ಬೆಳೆಯಲು ಯಾವ ಅಭ್ಯಾಸ ರೂಢಿಸಿಕೊಳ್ಳಲಿ?

ಹಳೆಯ ಸದಸ್ಯೆಯರ ಮುಂದೆ ಗಂಟಲು ಕಟ್ಟುತ್ತದೆ ಎಂದಿದ್ದೀರಿ. ಐದು ಗಂಟೆಗೆ ಏಳುವುದು, ಧ್ಯಾನ, ಕನ್ನಡಿಯ ಮುಂದೆ ಭಾಷಣ, ದಿನಚರಿ ಬರೆಯುವುದು ಇವುಗಳಲ್ಲಿ ಯಾವುದನ್ನು ಮೊದಲು ಹಿಡಿಯಲಿ ಎಂದು ಕೇಳಿದ್ದೀರಿ. ಐದು ಗಂಟೆಯ ಮಾತು ಬಿಡಿ, ಹಸು ಕಟ್ಟಿದವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಉಳಿದುದನ್ನೆಲ್ಲ ನಾನು ಮಾಡಿ ನೋಡಿದವಳು, ಅದರಲ್ಲೂ ಕನ್ನಡಿಯ ಮುಂದಿನ ಭಾಷಣವನ್ನು ಬಹಳ ಶ್ರದ್ಧೆಯಿಂದ ಮಾಡಿದವಳು.

ನಮ್ಮದು ಹಾಸನ ಜಿಲ್ಲೆಯ ಒಂದು ಸಣ್ಣ ಊರು. ನಾನು ಅಧ್ಯಕ್ಷೆಯಾದದ್ದು ನನ್ನ ಯೋಗ್ಯತೆಯಿಂದಲ್ಲ. ಊರಿನ ಎರಡು ಗುಂಪುಗಳು ಪರಸ್ಪರರ ಅಭ್ಯರ್ಥಿಯನ್ನು ಒಪ್ಪಲಿಲ್ಲ, ಯಾರಿಗೂ ತೊಂದರೆ ಕೊಡದವಳು ಎಂದು ನನ್ನನ್ನು ಕೂರಿಸಿದರು. ಮೊದಲ ಕೆಲವು ತಿಂಗಳು ಕಾರ್ಯದರ್ಶಿ ಓದುತ್ತಿದ್ದಳು, ನಾನು ತೋರಿಸಿದಲ್ಲಿ ಸಹಿ ಹಾಕುತ್ತಿದ್ದೆ. ಆಗಲೇ ತಾಲ್ಲೂಕು ಕೇಂದ್ರದಲ್ಲಿ ಒಂದು ವ್ಯಕ್ತಿತ್ವ ವಿಕಸನ ಶಿಬಿರ ನಡೆಯಿತು. ಶಿಬಿರ ನಡೆಸಿದವರು ಚೆನ್ನಾಗಿ ಮಾತನಾಡುತ್ತಿದ್ದರು. ನಾಯಕಿಯಾದವಳು ತಡವರಿಸಬಾರದು, ನೋಡಿದ ಕೂಡಲೇ ತೀರ್ಮಾನಿಸಬೇಕು, ಆಡಿದ ಮಾತನ್ನು ಹಿಂತೆಗೆದುಕೊಳ್ಳಬಾರದು ಎಂದರು. ನಾನು ಅದನ್ನು ಪುಸ್ತಕದಲ್ಲಿ ಬರೆದುಕೊಂಡು, ಕೊಟ್ಟಿಗೆ ಗುಡಿಸುವಾಗಲೂ ಹೇಳಿಕೊಂಡು, ರಾತ್ರಿ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದೆ. ಅದು ಫಲಿಸಿತು, ತೊಂದರೆ ಶುರುವಾದದ್ದೂ ಅಲ್ಲಿಂದಲೇ. ಎರಡು ಸಭೆ ಕಳೆಯುವಷ್ಟರಲ್ಲಿ ನನ್ನ ದನಿ ಏರಿತ್ತು. ‘ಈಗ ನೋಡು, ಅಧ್ಯಕ್ಷೆಯಾದಳು’ ಎಂದು ನಮ್ಮತ್ತೆಯೇ ಮೆಚ್ಚಿಕೊಂಡರು.

ಆ ಬೇಸಿಗೆಯಲ್ಲಿ ನಮ್ಮ ಸಂಘದ ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ, ಅಂದರೆ ಎಸ್‌ಎನ್‌ಎಫ್ ಇಳಿಯುತ್ತಿದೆ ಎಂದು ನಮ್ಮ ಹಾಲು ಕೊಳ್ಳುವ ಒಕ್ಕೂಟದಿಂದ ಎಚ್ಚರಿಕೆ ಬಂತು. ಫ್ಯಾಟ್, ಅಂದರೆ ಕೊಬ್ಬು, ಶೇಕಡ 3.5, ಎಸ್‌ಎನ್‌ಎಫ್ 8.5 ಇದ್ದರೆ ಪೂರ್ತಿ ದರ, ಕೆಳಗಿಳಿದರೆ ಕಡಿತ ಎಂಬುದು ನಿಮಗೂ ಗೊತ್ತಿರುತ್ತದೆ. ಯಾರೋ ನೀರು ಬೆರೆಸುತ್ತಿದ್ದಾರೆ, ಅವರಿಂದ ಎಲ್ಲರ ಬಟವಾಡೆಯಲ್ಲೂ ಕಡಿಮೆಯಾಗುತ್ತಿದೆ ಎಂದು ನಾನು ನಿಶ್ಚಯಿಸಿಬಿಟ್ಟೆ. ನಿಶ್ಚಯಿಸಿದ ಮೇಲೆ ಕಣ್ಣು ಅಪರಾಧಿಯನ್ನು ಮಾತ್ರ ಹುಡುಕುತ್ತದೆ.

ಒಂದು ಬೆಳಗ್ಗೆ ಸಾಲಿನಲ್ಲಿ ಎಲ್ಲರಿಗಿಂತ ಮೊದಲು ಬಂದವರು ಡೇರಿಗೆ ಅಂಟಿಕೊಂಡಂತಿದ್ದ ಮನೆಯವರು. ನನಗಿಂತ ಹತ್ತು ವರ್ಷ ದೊಡ್ಡವರು, ನಾನು ಅಕ್ಕ ಎಂದೇ ಕರೆಯುತ್ತಿದ್ದವರು. ಹಾಲಿನಲ್ಲಿ ತೇಲಿಬಿಟ್ಟು ನೋಡುವ ಗಾಜಿನ ಕಡ್ಡಿ, ಲ್ಯಾಕ್ಟೋಮೀಟರ್, 24 ತೋರಿಸಿತು. ಹಸುವಿನ ಒಳ್ಳೆಯ ಹಾಲು ಸಾಮಾನ್ಯವಾಗಿ 26ರಿಂದ 32ರೊಳಗೆ ಇರುತ್ತದೆ. ಪರೀಕ್ಷಕಿ ನನ್ನ ಮುಖ ನೋಡಿದಳು. ನಾನು ಇಡೀ ಸಾಲಿಗೆ ಕೇಳಿಸುವಂತೆ, ‘ಏನಕ್ಕ, ನಿಮ್ಮ ಬೋರಿನ ನೀರಿಗೂ ಊರವರೇ ದುಡ್ಡು ಕೊಡಬೇಕಾ?’ ಎಂದೆ. ಆ ಹಾಲನ್ನು ತೆಗೆದುಕೊಳ್ಳಬೇಡ ಎಂದು ಪರೀಕ್ಷಕಿಗೆ ಹೇಳಿದೆ. ಅಕ್ಕ ಒಂದು ಮಾತೂ ಆಡದೆ ಕ್ಯಾನನ್ನು ಎತ್ತಿಕೊಂಡು ಹೋದರು. ನನ್ನ ದನಿ ಒಂದಿಷ್ಟೂ ನಡುಗಿರಲಿಲ್ಲ. ಆ ದಿನವಿಡೀ ನನಗೆ ನನ್ನ ಮೇಲೆ ಹೆಮ್ಮೆ ಎನಿಸಿದ್ದನ್ನು ಮುಚ್ಚಿಡುವುದಿಲ್ಲ.

ಇಲ್ಲಿ ಸ್ವಲ್ಪ ಉದ್ದಕ್ಕೆ ಹೋಗುತ್ತೇನೆ, ಸಹಿಸಿಕೊಳ್ಳಿ. ನೀವು ನಾಳೆ ಇದೇ ಗಾಜಿನ ಕಡ್ಡಿಯನ್ನು ನೋಡಿಯೇ ಯಾರ ಬಗ್ಗೆಯಾದರೂ ಮಾತನಾಡಬೇಕಾಗುತ್ತದೆ. ಲ್ಯಾಕ್ಟೋಮೀಟರ್ ನೀರನ್ನು ಕಂಡುಹಿಡಿಯುವುದಿಲ್ಲ. ಅದಕ್ಕೆ ಗೊತ್ತಿರುವುದು ಹಾಲು ಎಷ್ಟು ಸಾಂದ್ರವಾಗಿದೆ ಎಂಬುದಷ್ಟೇ. ನೀರು ಸಾವಿರ ಗ್ರಾಂ ತೂಗುವ ಪಾತ್ರೆಯಲ್ಲಿ ಹಾಲು 1028 ಗ್ರಾಂ ತೂಗಿದರೆ ಕಡ್ಡಿ 28 ತೋರಿಸುತ್ತದೆ. ನೀರು ಸೇರಿದರೆ ಆ ಅಂಕಿ ಇಳಿಯುತ್ತದೆ, ನಿಜ. ಆದರೆ ಹಾಲು ಬಿಸಿಯಿದ್ದರೂ ಇಳಿಯುತ್ತದೆ. ಕಡ್ಡಿಯನ್ನು ಯಾವ ಉಷ್ಣಾಂಶಕ್ಕೆ ಹೊಂದಿಸಿರುತ್ತಾರೋ ಅದನ್ನು ಅದರ ಮೇಲೆಯೇ ಬರೆದಿರುತ್ತಾರೆ. ನಮ್ಮದರ ಮೇಲೆ 27 ಡಿಗ್ರಿ ಸೆಲ್ಸಿಯಸ್ ಎಂದಿತ್ತು. ಆಗತಾನೆ ಕರೆದ ಹಾಲು ಹಸುವಿನ ಮೈಯಷ್ಟೇ ಬೆಚ್ಚಗಿರುತ್ತದೆ. ಆ ವ್ಯತ್ಯಾಸವೊಂದೇ ಅಂಕಿಯನ್ನು ಎರಡರಷ್ಟು ಅಥವಾ ಅದಕ್ಕೂ ಹೆಚ್ಚು ಕೆಳಗಿಳಿಸುತ್ತದೆ. ಜೊತೆಗೆ ನೊರೆಹಾಲಿನಲ್ಲಿ ಗಾಳಿ ಸೇರಿಕೊಂಡಿರುತ್ತದೆ, ಅದೂ ಕಡಿಮೆಯನ್ನೇ ತೋರಿಸುತ್ತದೆ. ಹಾಲು ಸ್ವಲ್ಪ ಹೊತ್ತು ತಣಿದ ಮೇಲೆ ಅದೇ ಹಾಲಿನ ಅಂಕಿ ತಾನಾಗಿ ಏರುತ್ತದೆ. ದೂರದ ತೋಟದ ಮನೆಗಳಿಂದ ನಡೆದು ಬರುವವರ ಹಾಲು ದಾರಿಯಲ್ಲೇ ತಣಿದಿರುತ್ತದೆ. ಡೇರಿಯ ಪಕ್ಕದಲ್ಲೇ ಇರುವ, ಅಂದು ಎಲ್ಲರಿಗಿಂತ ಮೊದಲು ಬಂದ ಅಕ್ಕನ ಹಾಲು ತಣಿಯುವುದಾದರೂ ಎಲ್ಲಿಂದ?

ಇನ್ನೂ ಇದೆ. ಫ್ಯಾಟ್ ಹೆಚ್ಚಿದ್ದರೂ ಅಂಕಿ ಇಳಿಯುತ್ತದೆ, ಕೊಬ್ಬು ಹಗುರವಲ್ಲವೇ. ಕೆನೆ ತೆಗೆದು ಲೆಕ್ಕ ನೋಡಿಕೊಂಡು ನೀರು ಬೆರೆಸಿದವರ ಹಾಲು ಸರಿಯಾದ ಅಂಕಿಯನ್ನೇ ತೋರಿಸಬಲ್ಲದು. ಅಂದರೆ ನಾನು ನಂಬಿ ಕುಳಿತ ಕಡ್ಡಿ ಪಳಗಿದ ಕಳ್ಳರನ್ನು ಬಿಟ್ಟು, ಆತುರದಲ್ಲಿ ಬಂದ ಪ್ರಾಮಾಣಿಕರನ್ನು ಹಿಡಿದುಕೊಡಬಹುದಿತ್ತು. ಕೆಚ್ಚಲು ಬಾವು ಇನ್ನೂ ಹೊರಗೆ ಕಾಣದ ಹಂತದಲ್ಲಿದ್ದರೂ ಎಸ್‌ಎನ್‌ಎಫ್ ಇಳಿಯುತ್ತದೆ. ಹಸಿರು ಮೇವು ಇಲ್ಲದೆ ಬರೀ ಒಣ ರಾಗಿ ಹುಲ್ಲು ತಿಂದ ಹಸುವಿನ ಹಾಲಿನಲ್ಲೂ ಇಳಿಯುತ್ತದೆ. ಅದು ಇಳಿದರೆ ಕಡ್ಡಿಯ ಅಂಕಿಯೂ ಇಳಿಯುತ್ತದೆ. ಮುಂದಿನ ವಾರ ಪಶುವೈದ್ಯರು ಬಂದಾಗ ಅಕ್ಕನ ಹಸುವಿನ ಎರಡು ಮೊಲೆಗಳಲ್ಲಿ ಸೋಂಕಿದೆ ಎಂದರು. ಬೆಚ್ಚಗಿನ ನೊರೆಹಾಲು, ಒಳಗೇ ಕೂತ ಬಾವು, ಬೇಸಿಗೆಯ ಮೇವು, ಎಲ್ಲ ಸೇರಿ 24. ನೀರು ಎಲ್ಲೂ ಇರಲಿಲ್ಲ.

ಪರೀಕ್ಷಕಿಗೆ ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಗೊತ್ತಿತ್ತು, ಅವಳು ತರಬೇತಿ ಪಡೆದು ಬಂದವಳು. ಆಗಲೇ ಏಕೆ ಹೇಳಲಿಲ್ಲ ಎಂದು ಕೇಳಿದೆ. ‘ನೀವು ಅಷ್ಟು ಖಚಿತವಾಗಿ ಹೇಳಿದಿರಿ, ನಿಮಗೆ ಬೇರೇನೋ ತಿಳಿದಿರಬೇಕು ಅಂದುಕೊಂಡೆ’ ಎಂದಳು. ಕನ್ನಡಿಯ ಮುಂದೆ ನಾನು ಬೆಳೆಸಿಕೊಂಡ ಆತ್ಮವಿಶ್ವಾಸ ಮೊದಲು ಬಾಯಿ ಮುಚ್ಚಿಸಿದ್ದು ವಿಷಯ ತಿಳಿದವಳನ್ನೇ.

ಅಕ್ಕ ಮತ್ತೆ ಡೇರಿಗೆ ಹಾಲು ಹಾಕಲಿಲ್ಲ. ಈಚಲ ಮರದ ಕೆಳಗೆ ಮಜ್ಜಿಗೆ ಕುಡಿದರೂ ಹೆಂಡ ಎನ್ನುವ ಊರು ನಮ್ಮದು, ಬಾಗಿಲಲ್ಲೇ ಬೋರು ಇದ್ದವರ ಮೇಲಿನ ಆರೋಪ ಅಂಟಿಕೊಳ್ಳದಿರುತ್ತದೆಯೇ? ಅವರ ಜೊತೆ ಅವರ ಓರಗಿತ್ತಿಯರು, ತೋಟದ ಕಡೆಯ ಸಂಬಂಧಿಕರು ಎಲ್ಲ ಖಾಸಗಿ ಹಾಲಿನವನ ಕಡೆ ಹೋದರು. ಅವನು ಹಸು ಕೊಳ್ಳಲು ಮುಂಗಡ ಕೊಟ್ಟು ಕಟ್ಟಿಹಾಕಿಕೊಂಡ, ಆಮೇಲೆ ಬರಬೇಕೆಂದರೂ ಬರುವಂತಿರಲಿಲ್ಲ. ಸಂಘಕ್ಕೆ ಹಾಕುವ ಹಾಲಿಗೆ ಸರ್ಕಾರ ಕೊಡುವ ಪ್ರೋತ್ಸಾಹಧನ ಹೊರಗೆ ಮಾರಿದರೆ ಸಿಗುವುದಿಲ್ಲ. ಬೈಲಾದಲ್ಲಿ ಹೇಳಿದಷ್ಟು ಹಾಲು ಹಾಕದಿದ್ದರೆ ಮತದ ಹಕ್ಕೂ ಉಳಿಯುವುದಿಲ್ಲ. ನನ್ನ ಒಂದು ವಾಕ್ಯದಿಂದ ಆ ಹೆಂಗಸಿನ ಆದಾಯ, ಮರ್ಯಾದೆ, ಮತ ಎಲ್ಲಕ್ಕೂ ಕುತ್ತು ಬಂತು. ನಮ್ಮ ಬೆಳಗಿನ ಹಾಲಿನಲ್ಲಿ ಕಾಲು ಭಾಗವೇ ಕಡಿಮೆಯಾಯಿತು.

ಕ್ಷಮೆ ಕೇಳಲು ಅವರ ಮನೆಗೆ ಹೋದೆ. ಹಸುವಿಗೆ ಹುಲ್ಲು ಹಾಕುತ್ತಿದ್ದರು, ನಿಲ್ಲಿಸಲಿಲ್ಲ. ‘ಬೈದದ್ದು ಊರ ಮುಂದೆ, ತಪ್ಪಾಯಿತು ಅನ್ನುವುದು ಕೊಟ್ಟಿಗೆಯೊಳಗಾ?’ ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಆ ವರ್ಷದ ವಾರ್ಷಿಕ ಮಹಾಸಭೆಯಲ್ಲಿ ಎದ್ದು ನಿಂತು ನಡೆದದ್ದನ್ನು ಹೇಳಿದೆ, ನಡಾವಳಿ ಪುಸ್ತಕದಲ್ಲಿ ಬರೆಸಿದೆ. ಅಂದು ನನ್ನ ದನಿ ಚೆನ್ನಾಗಿಯೇ ನಡುಗಿತು. ಮುಂಗಡ ತೀರಿದ ಮೇಲೆ ಕೆಲವರು ಮರಳಿದರು. ಅಕ್ಕ ಬರಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಆತ್ಮವಿಶ್ವಾಸ ಬೆಳೆಸುವ ಅಭ್ಯಾಸ ಯಾವುದು ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಿಮಗಿರುವ ಹಿಂಜರಿಕೆ ಸದ್ಯಕ್ಕೆ ನಿಮ್ಮ ಸಂಘಕ್ಕೆ ಒಳ್ಳೆಯದನ್ನೇ ಮಾಡುತ್ತಿದೆ, ಅದನ್ನು ಓಡಿಸಲು ಆತುರಪಡಬೇಡಿ. ಕೆಲಸ ತಿಳಿಯುವ ಮುಂಚೆ ದನಿ ಬಂದರೆ ಏನಾಗುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ.

ಆ ಘಟನೆಯ ನಂತರ ನಾನು ಪರೀಕ್ಷಕಿಯ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂರತೊಡಗಿದೆ. ಮಾದರಿ ತೆಗೆಯುವ ಮುಂಚೆ ಹಾಲನ್ನು ಕಲಕುವುದು, ಉಷ್ಣಾಂಶ ನೋಡುವುದು, ಫ್ಯಾಟ್ ಓದುವುದು ಎಲ್ಲವನ್ನೂ ಅವಳಿಂದ ಕಲಿತೆ. ಅಧ್ಯಕ್ಷೆ ಪರೀಕ್ಷಕಿಯ ಕೈಕೆಳಗೆ ಕಲಿಯುವುದೇ ಎಂದು ನಕ್ಕವರಿದ್ದರು. ನಗಲಿ ಬಿಡಿ. ದಿನವೂ ಮೊದಲು ನನ್ನ ಮನೆಯ ಹಾಲನ್ನು ಎಲ್ಲರೆದುರು ಪರೀಕ್ಷಿಸಿ ಅಂಕಿಯನ್ನು ಗಟ್ಟಿಯಾಗಿ ಓದಬೇಕು ಎಂದು ನಿಯಮ ಮಾಡಿದೆ. ಒಮ್ಮೆ ನನ್ನ ಹಾಲೇ ಕಡಿಮೆ ತೋರಿಸಿತು. ಸಾಲಿನಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಅಂದಿನಿಂದ ಯಾರ ಅಂಕಿ ಇಳಿದರೂ ಸಾಲಿನಲ್ಲಿ ಜಗಳವಾಗುವುದು ಬಹುಮಟ್ಟಿಗೆ ನಿಂತಿತು.

ಇನ್ನೊಂದು ರೂಢಿಯನ್ನು ಈಗಲೂ ಬಿಟ್ಟಿಲ್ಲ. ಯಾರೇ ವ್ಯಕ್ತಿಯ ಬಗ್ಗೆ ಬೆಳಗಿನ ಹಾಲಿನ ಹೊತ್ತಿಗೆ ಮನಸ್ಸಿಗೆ ಬಂದ ಮಾತನ್ನು ಸಂಜೆಯ ಹಾಲಿನವರೆಗೆ ಆಡುವುದಿಲ್ಲ. ನಮ್ಮ ಕೆಲಸದಲ್ಲಿ ಹೇಗೂ ನಡುವೆ ಅರ್ಧ ದಿನದ ಬಿಡುವು ಇದೆ. ಸಂಜೆ ಮತ್ತೆ ಪರೀಕ್ಷೆಯಾಗುತ್ತದೆ, ಎರಡು ಅಂಕಿ ಕೈಗೆ ಬರುತ್ತವೆ. ಆಮೇಲೂ ಸಂಶಯವಿದ್ದರೆ ಅವರ ಮನೆಗೆ ಹೋಗಿ, ಹಸುವಿಗೆ ಏನು ತಿನ್ನಿಸುತ್ತಿದ್ದೀರಿ, ಖನಿಜ ಮಿಶ್ರಣ ಕೊಡುತ್ತಿದ್ದೀರಾ, ಕೆಚ್ಚಲು ಗಟ್ಟಿಯಾಗಿದೆಯಾ ಎಂದು ಕೇಳುತ್ತಿದ್ದೆ. ನಿಜಕ್ಕೂ ನೀರು ಬೆರೆಸಿದವರು ಆ ಪ್ರಶ್ನೆಗಳ ಹಿಂದೆ ಏನಿದೆ ಎಂದು ಅರ್ಥಮಾಡಿಕೊಂಡು ಮರುದಿನದಿಂದ ನಿಲ್ಲಿಸುತ್ತಿದ್ದರು. ಅವರ ಮಾನವೂ ಉಳಿಯುತ್ತಿತ್ತು. ಸಾವಧಾನದ ನಾಯಕತ್ವ ಎಂದು ನೀವು ಬರೆದಿದ್ದೀರಲ್ಲ, ನನಗೆ ಗೊತ್ತಿರುವುದು ಇಷ್ಟೇ. ಧ್ಯಾನ ಮಾಡಬೇಡಿ ಎನ್ನುತ್ತಿಲ್ಲ, ನಾನೂ ಕಣ್ಣುಮುಚ್ಚಿ ಕೂರುತ್ತೇನೆ. ಅದರಿಂದ ನಿದ್ದೆ ಚೆನ್ನಾಗಿ ಬರುತ್ತದೆ, ಹಾಲಿನ ಅಂಕಿ ಓದಲು ಬರುವುದಿಲ್ಲ.

ದಿನಚರಿ ಬರೆಯುವುದಾದರೆ ನಿಮಗೆ ಏನನಿಸಿತು ಎಂದು ಬರೆಯುವುದಕ್ಕಿಂತ ಯಾರಿಗೆ ಏನು ಹೇಳಿದಿರಿ, ಯಾವ ಆಧಾರದ ಮೇಲೆ ಹೇಳಿದಿರಿ ಎಂದು ಎರಡೇ ಸಾಲು ಬರೆಯಿರಿ. ಬಟವಾಡೆಯ ದಿನ ಕುಳಿತು ಓದಿ. ಆಧಾರದ ಜಾಗ ಖಾಲಿ ಇರುವ ಸಾಲುಗಳು ಎಷ್ಟಿರುತ್ತವೆ ಎಂದರೆ ನಿಮಗೇ ಗಾಬರಿಯಾಗುತ್ತದೆ.

ನಮ್ಮನ್ನು ಒಮ್ಮೆ ಅಮುಲ್ ಹುಟ್ಟಿದ ಊರು, ಗುಜರಾತಿನ ಆನಂದ್‌ಗೆ ಕರೆದುಕೊಂಡು ಹೋಗಿದ್ದರು. ಎಲ್ಲರೂ ವರ್ಗೀಸ್ ಕುರಿಯನ್ ಅವರ ಬಗ್ಗೆ ಕೇಳುತ್ತಿದ್ದರು. ನನ್ನ ಮನಸ್ಸಿನಲ್ಲಿ ಉಳಿದವರು ತ್ರಿಭುವನದಾಸ್ ಪಟೇಲ್. 1946ರಲ್ಲಿ ಖೇಡಾ ಜಿಲ್ಲಾ ಒಕ್ಕೂಟ ಆರಂಭವಾದಾಗ ಅದರ ಅಧ್ಯಕ್ಷರಾದವರು, ಹಳ್ಳಿಯಿಂದ ಹಳ್ಳಿಗೆ ಓಡಾಡಿ ರೈತರನ್ನು ಸೇರಿಸಿದವರು. ಯಂತ್ರ, ಲೆಕ್ಕ, ಮಾರಾಟ ಬಲ್ಲ ಕುರಿಯನ್ನರಿಗೆ ಕೆಲಸ ಮಾಡಲು ಬಿಟ್ಟು, ರೈತರ ವಿಶ್ವಾಸವನ್ನು ತಾವು ಕಾಯ್ದರು. 1963ರ ಮ್ಯಾಗ್ಸೆಸೆ ಪ್ರಶಸ್ತಿಯನ್ನು ಇಬ್ಬರೂ ಬೊಂಬಾಯಿಯ ಹಾಲು ಆಯುಕ್ತರಾಗಿದ್ದ ದಾರಾ ಖುರೋಡಿಯವರೊಂದಿಗೆ ಹಂಚಿಕೊಂಡರು. ತಿಳಿದವರು ಪಕ್ಕದಲ್ಲಿ ನಿಂತು ‘ಇದು ಹಾಗಲ್ಲ’ ಎಂದು ಹೇಳಲು ಹೆದರದಂತೆ ಇರುವುದು ಅಧ್ಯಕ್ಷರ ಕೆಲಸ ಎಂದು ನನಗೆ ಅಲ್ಲಿ ತೋರಿತು. ಅಷ್ಟು ಹೊತ್ತಿಗೆ ನನ್ನ ಅವಧಿ ಮುಗಿಯುತ್ತ ಬಂದಿತ್ತು, ಅದು ಬೇರೆ ಮಾತು.

ನೀವು ಕೇಳದಿದ್ದರೂ ಒಂದೆರಡು ಮಾತು ಹೇಳಿಬಿಡುತ್ತೇನೆ. ನಿಮ್ಮ ಯಜಮಾನರು ಸಭೆಗೆ ಬಂದು ನಿಮ್ಮ ಪರವಾಗಿ ಮಾತನಾಡುತ್ತಾರೆ ಎಂದು ಪ್ರಶ್ನೆಯ ಕೊನೆಯಲ್ಲಿ ಸಹಜವೆಂಬಂತೆ ಬರೆದಿದ್ದೀರಿ. ಅದನ್ನು ಈ ತಿಂಗಳೇ ನಿಲ್ಲಿಸಿ. ನಿಮ್ಮ ಗಂಟಲು ಕಟ್ಟುವುದಕ್ಕೆ ಅದೂ ಒಂದು ಕಾರಣ. ತಪ್ಪು ತಪ್ಪಾಗಿ ಮಾತನಾಡಿದರೂ ನೀವೇ ಮಾತನಾಡಿ, ತಿಳಿಯದಿದ್ದರೆ ತಿಳಿಯದು ಎನ್ನಿ, ಕಾರ್ಯದರ್ಶಿಯಿಂದ ಎಲ್ಲರೆದುರೇ ಕೇಳಿ ತಿಳಿದುಕೊಳ್ಳಿ. ಖಾಲಿ ಚೆಕ್ಕಿಗೆ ಯಾರು ಕೇಳಿದರೂ ಸಹಿ ಹಾಕಬೇಡಿ, ಕಾರ್ಯದರ್ಶಿ ಸ್ವಂತ ತಂಗಿಯಾದರೂ ಸರಿ.

ಮುಂದಿನ ಸಭೆಯಲ್ಲಿ ಏನು ಮಾತನಾಡಲಿ ಎಂದಿರಿ. ನಿಮ್ಮ ಡೇರಿಯಲ್ಲಿ ಈಗ ಯಂತ್ರವೇ ಅಂಕಿ ಕೊಡುತ್ತಿರಬಹುದು. ಆದರೂ ಅದನ್ನು ಕೊನೆಯ ಬಾರಿ ಸರಿಹೊಂದಿಸಿದ್ದು ಯಾವಾಗ ಎಂದು ಪರೀಕ್ಷಕಿಯನ್ನು ಕೇಳಿ. ಕರೆಂಟು ಹೋದಾಗ ಕಡ್ಡಿಯಲ್ಲೇ ನೋಡುವುದಾದರೆ ಜೊತೆಗೆ ಥರ್ಮಾಮೀಟರ್ ಇದೆಯೇ ಎಂದೂ ಕೇಳಿ. ಇಲ್ಲದಿದ್ದರೆ ಒಂದನ್ನು ಕೊಳ್ಳಲು ಠರಾವು ಮಂಡಿಸಿ. ಖರ್ಚು ಹೆಚ್ಚಿಲ್ಲ, ಯಾರೂ ವಿರೋಧಿಸುವುದಿಲ್ಲ. ಓದಿ ಹೇಳಲು ಎರಡೇ ವಾಕ್ಯ ಸಾಕು.