ಕಿಂಕೆಲಿನ್ ಪ್ರತಿಭೆ ಹಾಳಾಯಿತೇ?

ನಿಮ್ಮ ಪತ್ರ ಓದಿ ಖುಷಿಯಾಯಿತು. ಹೋದ ಸಂಚಿಕೆಯ ಗಣಿತ ಲೇಖನದಲ್ಲಿ ಬಂದ ಗ್ಲೇಷರ್–ಕಿಂಕೆಲಿನ್ ಸ್ಥಿರಾಂಕ ನೋಡಿ ಎರಡು ಪ್ರಶ್ನೆ ಕೇಳಿದ್ದೀರಿ. ಈ ಕಿಂಕೆಲಿನ್ ಯಾರು? ಅಷ್ಟು ಒಳ್ಳೆಯ ಗಣಿತಜ್ಞ ಜನಗಣತಿ, ವಿಮೆ ಅಂತ ಹೋಗಿ ಪ್ರತಿಭೆ ಹಾಳು ಮಾಡಿಕೊಂಡರಲ್ವಾ?

ಹರ್ಮನ್ ಕಿಂಕೆಲಿನ್ ಹುಟ್ಟಿದ್ದು 1832ರಲ್ಲಿ, ಸ್ವಿಟ್ಜರ್ಲೆಂಡಿನ ಬರ್ನ್ ಊರಿನಲ್ಲಿ. ಜಾಸ್ತಿ ಕಾಲ ಬಾಳಿದ್ದು ಬಾಸೆಲ್‌ನಲ್ಲಿ, ಮೊದಲು ಶಾಲೆಯ ಮೇಷ್ಟ್ರಾಗಿ, ಆಮೇಲೆ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿ. ತೀರಿಕೊಂಡಿದ್ದು 1913ರ ಜನವರಿ 1ರಂದು.

ಸ್ಥಿರಾಂಕದ ಕತೆ ಚೆನ್ನಾಗಿದೆ. ಒಂದನ್ನು ಒಂದು ಸಲ, ಎರಡನ್ನು ಎರಡು ಸಲ, ಮೂರನ್ನು ಮೂರು ಸಲ ತೆಗೆದುಕೊಂಡು ಎಲ್ಲವನ್ನೂ ಗುಣಿಸುತ್ತಾ ಹೋಗಿ. 1, 4, 108, 27,648 ಬರುತ್ತದೆ. ಐದಕ್ಕೆ ಬರುವಷ್ಟರಲ್ಲಿ 8,64,00,000! (ಒಂದು ದಿನಕ್ಕೆ ಇರುವ ಮಿಲಿಸೆಕೆಂಡುಗಳೂ ಸರಿಯಾಗಿ ಇಷ್ಟೇ. ಸುಮ್ನೆ ಕಾಕತಾಳೀಯ, ಆದರೂ ನನಗೆ ಇಷ್ಟ.) ಇಂಥ ದೈತ್ಯ ಗುಣಲಬ್ಧವನ್ನು ಗುಣಿಸದೆಯೇ ಅಂದಾಜು ಮಾಡಲು ಒಂದು ಸೂತ್ರ ಇದೆ. ಅದರಲ್ಲಿ 1.28242 ಎಂದು ಶುರುವಾಗುವ ಒಂದು ಸಂಖ್ಯೆ ಬೇಕಾಗುತ್ತದೆ. ಅದೇ ಈ ಸ್ಥಿರಾಂಕ. ಕಿಂಕೆಲಿನ್ ಈ ಬಗ್ಗೆ ಬರೆದದ್ದು 1860ರಲ್ಲಿ. ಇಂಗ್ಲೆಂಡಿನ ಗ್ಲೇಷರ್ ಬರೆದದ್ದು 1878ರಲ್ಲಿ. ಆದರೂ ಹೆಸರಿನಲ್ಲಿ ಗ್ಲೇಷರ್ ಮುಂದೆ!

ನಿಮ್ಮ ಎರಡನೇ ಮಾತನ್ನು ಮಾತ್ರ ನಾನು ಒಪ್ಪಲಾರೆ. ವಿಮೆಯನ್ನೇ ತೆಗೆದುಕೊಳ್ಳಿ. ಅರವತ್ತು ವರ್ಷದವರೊಬ್ಬರು ವಿಮೆ ಮಾಡಿಸಲು ಬಂದರು ಅನ್ನಿ. ಕಂತು ಎಷ್ಟು? ಆ ವಯಸ್ಸಿನವರಲ್ಲಿ ವರ್ಷಕ್ಕೆ ಎಷ್ಟು ಜನ ಸತ್ತರು ಅಂತ ಮರಣದ ದಾಖಲೆ ಹೇಳುತ್ತದೆ. ಆದರೆ ಎಷ್ಟು ಜನರಲ್ಲಿ ಅಷ್ಟು? ಅದನ್ನು ಹೇಳುವುದು ಜನಗಣತಿ. ಮನೆಮನೆಯ ಲೆಕ್ಕದಲ್ಲಿ ವಯಸ್ಸು ತಪ್ಪಿದರೆ ಕಂತೂ ತಪ್ಪುತ್ತದೆ. ಕಂತು ತೀರಾ ಕಡಿಮೆಯಾದರೆ ನಿಧಿ ಬರಿದಾಗಿ, ಕಷ್ಟದಲ್ಲಿರುವ ವಿಧವೆಗೆ ಕೊಡಲು ದುಡ್ಡೇ ಇರುವುದಿಲ್ಲ. ಬಾಸೆಲ್‌ನಲ್ಲಿ 1870 ಮತ್ತು 1880ರ ಜನಗಣತಿಯ ಹೊಣೆ ಹೊತ್ತವರು ಇದೇ ಕಿಂಕೆಲಿನ್. ಈ ಕೆಲಸಕ್ಕೆ ಬೇಕಿದ್ದದ್ದು ಗಣಿತ ಬಲ್ಲವರ ಕಣ್ಣೇ. 1905ರಲ್ಲಿ ಸ್ವಿಸ್ ವಿಮಾ ಗಣಿತಜ್ಞರ ಸಂಘ ಹುಟ್ಟಿದಾಗ, ಎಪ್ಪತ್ತು ದಾಟಿದ್ದ ಅವರೂ ಅದನ್ನು ಕಟ್ಟಿದವರಲ್ಲಿ ಒಬ್ಬರು. ಇದನ್ನು ಪ್ರತಿಭೆ ಹಾಳಾದದ್ದು ಅಂತ ಹೇಗೆ ಹೇಳೋಣ?

ಇಂಥವರ ಬರೀ ಹೆಸರು ಹಾಕಿ ಬಿಟ್ಟದ್ದು ನಮ್ಮ ತಪ್ಪು. ಮುಂದಿನ ಸಂಚಿಕೆಯಲ್ಲಿ ಆ ಸೂತ್ರವನ್ನು ಪೂರ್ತಿ ಅಚ್ಚು ಹಾಕುತ್ತೇವೆ. ಎರಡಕ್ಕೆ ನಾನೇ ಲೆಕ್ಕ ಮಾಡಿ ನೋಡಿದೆ. 4 ಬರಬೇಕಾದಲ್ಲಿ 3.9987 ಬಂತು. ಮೂರಕ್ಕೆ ನೀವು ಮಾಡಿ. 108ಕ್ಕೆ ಎಷ್ಟು ಹತ್ತಿರ ಬಂತು ಅಂತ ಬರೆದು ತಿಳಿಸಿ.

– ಸಂ.