ಎಣಿಕೆ ಸರಿ, ಬೇಲಿ ಬೇರೆ

ಓದುಗರ ಪತ್ರ: ಹೋದ ಸಂಚಿಕೆಯ ಬೇಸ್‌ಬಾಲ್ ಹೋಮ್ ರನ್ (ನಮ್ಮ ಸಿಕ್ಸರ್‌ನಂಥ ಹೊಡೆತ) ಪಟ್ಟಿಯಲ್ಲಿ ಬ್ಯಾರಿ ಬಾಂಡ್ಸ್ 762, ಹ್ಯಾಂಕ್ ಆರನ್ 755, ಬೇಬ್ ರೂತ್ 714 ಅಂತ ಹಾಕಿದ್ದೀರಿ. ಸರಿ. ಆದರೆ ಅದೇ ಪಟ್ಟಿಯ ತಲೆಯ ಮೇಲೆ ಜಾಶ್ ಗಿಬ್ಸನ್ ‘ಸುಮಾರು 800’ ಅಂತಿದೆ. ‘ಸುಮಾರು’ ಅನ್ನುವುದು ಯಾವ ಸೀಮೆಯ ದಾಖಲೆ? ನೂರು ವರ್ಷದ ಹಿಂದೆ ಇದನ್ನೆಲ್ಲ ಯಾರು ಸರಿಯಾಗಿ ಎಣಿಸಿದ್ದರು? ಎಣಿಸಿದ್ದರೂ ರೂತ್ 1927ರಲ್ಲಿ ಹೊಡೆದ 60ನ್ನು ಬಾಂಡ್ಸ್ 2001ರಲ್ಲಿ ಹೊಡೆದ 73ರ ಪಕ್ಕ ಇಡುವುದು ಸೇರಿಗೂ ಲೀಟರಿಗೂ ಗಂಟು ಹಾಕಿದ ಹಾಗಲ್ವಾ? ನನ್ನ ಮಗ ಇಲ್ಲಿ ಶಾಲೆಯ ತಂಡದಲ್ಲಿ ಬೇಸ್‌ಬಾಲ್ ಆಡುತ್ತಾನೆ. ಸ್ಕೋರ್ ಬರೆಯುವ ಕೆಲಸ ನನ್ನದು. ಈ ಹಳೇ ಲೆಕ್ಕ ಇಟ್ಟುಕೊಂಡು ಏನು ಉಪಯೋಗ, ಹೇಳಿ.
— ಓದುಗರೊಬ್ಬರು, ನ್ಯೂ ಜೆರ್ಸಿ

ಸಂಪಾದಕರ ಉತ್ತರ:

ನಮಸ್ಕಾರ. ಮೊದಲು ತಪ್ಪೊಪ್ಪಿಗೆ. ಗಿಬ್ಸನ್ ಅವರ ‘ಸುಮಾರು 800’ ಆ ಪಟ್ಟಿಯಲ್ಲಿ ಇರಬಾರದಿತ್ತು. ಪುಟ ಅಚ್ಚಿಗೆ ಹೋಗುವ ಮುಂಚೆ ನಾನೇ ನೋಡಿ ತಲೆಯಾಡಿಸಿದ್ದೆ. ಆ ಕತೆಗೆ ಆಮೇಲೆ ಬರುತ್ತೇನೆ, ಅದು ಸ್ವಲ್ಪ ದೊಡ್ಡದು.

ನೀವು ಒಂದೇ ಉಸಿರಿನಲ್ಲಿ ಎರಡು ಪ್ರಶ್ನೆ ಕೇಳಿದ್ದೀರಿ. ಎಣಿಸಿದ್ದು ಸರಿಯಾ? ಎಣಿಸಿದ್ದು ಏನನ್ನು? ಮೊದಲನೆಯದಕ್ಕೆ ನನ್ನ ಉತ್ತರ: ಬೇಸ್‌ಬಾಲ್‌ನ ಹಳೇ ಲೆಕ್ಕಗಳಲ್ಲಿ ಹೆಚ್ಚು ನಂಬಬಹುದಾದದ್ದು ಹೋಮ್ ರನ್ನೇ. ಕಾರಣ ಸರಳ. ಚೆಂಡು ಬೇಲಿ ದಾಟಿದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ಮರುದಿನದ ಪತ್ರಿಕೆಯಲ್ಲಿ ಯಾರು ಹೊಡೆದರು, ಯಾರ ಎಸೆತಕ್ಕೆ ಹೊಡೆದರು ಅಂತ ಬಂದೇ ಬರುತ್ತದೆ. ಜಾನ್ ಟ್ಯಾಟರ್ಸಾಲ್ ಅನ್ನುವವರು ಹಳೇ ಪತ್ರಿಕೆಗಳನ್ನು ಜಾಲಾಡಿ ಒಂದೊಂದೇ ಹೋಮ್ ರನ್ನಿಗೂ ದಿನಾಂಕ, ಪಿಚರ್ (ಚೆಂಡು ಎಸೆದವನು), ಮೈದಾನ ಹಚ್ಚುತ್ತಾ ಹೋದರು. ಅವರ ನಂತರ ಬಾಬ್ ಮೆಕಾನಲ್ ಆ ಕೆಲಸ ಮುಂದುವರಿಸಿದರು. ರೂತ್ ಅವರ 714ರಲ್ಲಿ ಯಾವುದನ್ನು ಬೇಕಾದರೂ ಕೈಯಿಟ್ಟು ತೋರಿಸಿ, ಅದರ ಜಾತಕ ಸಿಗುತ್ತದೆ.

ಬೇರೆ ಲೆಕ್ಕಗಳ ಪಾಡು ಹೀಗಿಲ್ಲ. ಹಳೇ ಕಾಲದ ದೊಡ್ಡ ಬ್ಯಾಟರ್ ಟೈ ಕಾಬ್ ಅವರ 1910ರ ಒಂದು ಆಟವನ್ನು ಎರಡು ಸಲ ಬರೆದುಕೊಂಡಿದ್ದರು. ಅದು ಗೊತ್ತಾಗಲು ಸುಮಾರು 70 ವರ್ಷ ಬೇಕಾಯಿತು. ಇವತ್ತಿಗೂ ಒಂದು ಕಡೆ ಅವರ ಹಿಟ್‌ಗಳು 4191, ಇನ್ನೊಂದು ಕಡೆ 4189. ಇದಕ್ಕಿಂತ ನನಗೆ ಇಷ್ಟವಾದದ್ದು ಶಿಕಾಗೋ ಕಬ್ಸ್‌ನ ಹ್ಯಾಕ್ ವಿಲ್ಸನ್ ಅವರ ಕತೆ. ಅವರ ಬ್ಯಾಟಿನಿಂದ ತಂಡಕ್ಕೆ 1930ರಲ್ಲಿ ಬಂದ ರನ್‌ಗಳು 190 ಅಂತ ದಶಕಗಳ ಕಾಲ ಪುಸ್ತಕದಲ್ಲಿತ್ತು. 1977ರಲ್ಲಿ ಓದುಗರೊಬ್ಬರು ಕ್ರೀಡಾ ಪತ್ರಿಕೆಯೊಂದಕ್ಕೆ ಪತ್ರ ಬರೆದು ‘ಒಂದು ಬಿಟ್ಟುಹೋಗಿದೆ’ ಅಂದರು. ಹುಡುಕಿದರೆ ನಿಜ. 1930ರ ಜುಲೈ 28ರ ಆಟದಲ್ಲಿ ವಿಲ್ಸನ್ ಅವರ ಒಂದು ರನ್ ಚಾರ್ಲಿ ಗ್ರಿಮ್ ಅವರ ಹೆಸರಿಗೆ ಜಮಾ ಆಗಿತ್ತು. 1999ರಲ್ಲಿ ಅಧಿಕೃತವಾಗಿ 191 ಆಯಿತು. ಪತ್ರಕ್ಕೆ ಉತ್ತರ ಸಿಗಲು 22 ವರ್ಷ. ನಮ್ಮ ಕಚೇರಿ ಅಷ್ಟು ನಿಧಾನವಲ್ಲ ಅಂತ ಹೇಳಿಕೊಳ್ಳಲು ಇದೊಂದು ಅವಕಾಶ.

ಆದರೆ ಒಂದು ವಿಚಾರದಲ್ಲಿ ನೀವು ಹೇಳಿದ್ದು ಸರಿ. ಹಿಂದೆ ಎಣಿಸುವ ಆಸೆಯೇ ಜನರಿಗೆ ಇರಲಿಲ್ಲ. 1921ರಲ್ಲಿ ರೂತ್ 139ನೇ ಹೋಮ್ ರನ್ ಹೊಡೆದರು. ಅಲ್ಲಿಯವರೆಗೆ ಅತಿ ಹೆಚ್ಚು ಹೊಡೆದಿದ್ದವರು ರಾಜರ್ ಕಾನರ್, 138. ಕಾನರ್ ಆಗ ಬದುಕಿದ್ದರು. ಆದರೂ ದಾಖಲೆ ಮುರಿದದ್ದು ಯಾರಿಗೂ ಗೊತ್ತಾಗಲಿಲ್ಲ, ಯಾಕೆಂದರೆ ಅದು ದಾಖಲೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ! ಆ 138 ಖಚಿತವಾದದ್ದು 1970ರ ದಶಕದಲ್ಲಿ. ರೂತ್ ಅವರ ಆ 139ಕ್ಕೆ ಎರಡು ವರ್ಷ ಮುಂಚೆ, 1919ರಲ್ಲಿ, ಇನ್ನೂ ತಮಾಷೆ. ರೂತ್ ಹೊಡೆಯುತ್ತಾ ಹೋದ ಹಾಗೆ ವರದಿಗಾರರು ಒಂದೊಂದೇ ಹಳೇ ದಾಖಲೆ ಅಗೆದು ತೆಗೆದರು. ಮೊದಲು 16 ಅಂದರು. ಅದು ಮುರಿಯಿತು. ಅಲ್ಲ, 25 ಅಂದರು. ಅದೂ ಮುರಿಯಿತು. ಆಮೇಲೆ ಧೂಳು ಕೊಡವಿ 1884ರ ನೆಡ್ ವಿಲಿಯಮ್ಸನ್ ಅವರ 27ನ್ನು ಎತ್ತಿ ತಂದರು. ರೂತ್ 29 ಹೊಡೆದು ಅದನ್ನೂ ಮುಗಿಸಿದರು.

ಈ ವಿಲಿಯಮ್ಸನ್ ಹತ್ತಿರ ಸ್ವಲ್ಪ ನಿಲ್ಲೋಣ. ನಿಮ್ಮ ಎರಡನೇ ಪ್ರಶ್ನೆ ಶುರುವಾಗುವುದೇ ಇಲ್ಲಿಂದ. ಅವರ ಶಿಕಾಗೋ ತಂಡದ ಮೈದಾನದಲ್ಲಿ ಎಡ ಬಲ ಎರಡೂ ಅಂಚಿನ ಬೇಲಿ 200 ಅಡಿಗಿಂತ ಕಡಿಮೆ ದೂರದಲ್ಲಿತ್ತು. ಗಲ್ಲಿ ಕ್ರಿಕೆಟ್‌ನಲ್ಲಿ ಪಕ್ಕದ ಮನೆ ಕಾಂಪೌಂಡ್ ಇದ್ದ ಹಾಗೆ. 1883ರಲ್ಲಿ ಅದನ್ನು ದಾಟಿಸಿದರೆ ಡಬಲ್, ಅಂದರೆ ಎರಡು ಬೇಸ್ ಮಾತ್ರ. 1884ಕ್ಕೆ ಅದೇ ಹೊಡೆತವನ್ನು ಹೋಮ್ ರನ್ ಅಂತ ಮಾಡಿಕೊಂಡರು. ಹಿಂದಿನ ವರ್ಷ 2 ಹೋಮ್ ರನ್ ಹೊಡೆದಿದ್ದ ವಿಲಿಯಮ್ಸನ್ ಆ ವರ್ಷ 27 ಹೊಡೆದರು, ಅದರಲ್ಲಿ 25 ಮನೆಯಂಗಳದಲ್ಲೇ. ಮುಂದಿನ ವರ್ಷ ತಂಡ ಬೇರೆ ಮೈದಾನಕ್ಕೆ ಹೋಯಿತು. ಅವರು ಹೊಡೆದದ್ದು 3.

ಲೆಕ್ಕದಲ್ಲಿ ಒಂದೂ ತಪ್ಪಿಲ್ಲ. 27 ಅಂದರೆ 27. ಹಾಗಿದ್ದೂ ಆ ಸಂಖ್ಯೆ ವಿಲಿಯಮ್ಸನ್ ಅವರ ತೋಳಿನ ಬಗ್ಗೆ ಹೇಳುವುದಕ್ಕಿಂತ ಬೇಲಿಯ ಬಗ್ಗೆಯೇ ಜಾಸ್ತಿ ಹೇಳುತ್ತದೆ.

ರೂತ್ ಅವರ ಲೆಕ್ಕದಲ್ಲೂ ಇಂಥದ್ದಿದೆ. ಜುಲೈ 8, 1918. ಬಾಸ್ಟನ್‌ನ ಫೆನ್ವೇ ಪಾರ್ಕ್. ಎರಡೂ ತಂಡ ಸೊನ್ನೆ, 10ನೇ ಇನಿಂಗ್ಸ್. ಮೊದಲ ಬೇಸ್‌ನಲ್ಲಿ ಒಬ್ಬರಿದ್ದರು. ರೂತ್ ಚೆಂಡನ್ನು ಪ್ರೇಕ್ಷಕರ ನಡುವೆ ಬೀಳಿಸಿದರು. ಇವತ್ತಾದರೆ ಹೋಮ್ ರನ್. ಆಗಿನ ನಿಯಮ ಬೇರೆ. ಗೆಲುವಿಗೆ ಬೇಕಾದ್ದು ಒಂದು ರನ್, ಮುಂದಿದ್ದವನು ಮನೆ, ಅಂದರೆ ಕೊನೆಯ ಬೇಸ್, ಮುಟ್ಟಿದ ಕೂಡಲೇ ಆಟ ಮುಗಿಯಿತು, ಹೊಡೆದವನಿಗೆ ಟ್ರಿಪಲ್ (ಮೂರು ಬೇಸ್) ಸಾಕು. 2010ರಲ್ಲಿ ದಂಬುಲ್ಲಾದಲ್ಲಿ ಸೆಹ್ವಾಗ್ 99ರಲ್ಲಿದ್ದಾಗ ಸಿಕ್ಸರ್ ಹೊಡೆದೂ 99ರಲ್ಲೇ ಉಳಿದದ್ದು ನೆನಪಿದೆಯಲ್ಲ? ನೋ ಬಾಲ್‌ನಿಂದಲೇ ಪಂದ್ಯ ಮುಗಿದಿತ್ತು. ಹೆಚ್ಚುಕಡಿಮೆ ಅದೇ ಸಂಕಟ. ಆ ವರ್ಷ ರೂತ್ 11 ಹೊಡೆದು ಇನ್ನೊಬ್ಬರ ಜೊತೆ ಮೊದಲ ಸ್ಥಾನ ಹಂಚಿಕೊಂಡರು. ಆ ಟ್ರಿಪಲ್ ಸೇರಿದ್ದರೆ ಒಬ್ಬರೇ ಮೊದಲು. 1968ರಲ್ಲಿ ದಾಖಲೆಗಳ ಸಮಿತಿಯೊಂದು ಇಂಥ 37 ಹಳೇ ಹೊಡೆತಗಳನ್ನು ಹೋಮ್ ರನ್ ಮಾಡಿ, ರೂತ್ ಅವರದನ್ನು 715ಕ್ಕೆ ಏರಿಸಲು ಹೊರಟಿತ್ತು. ಮುಂದಿನ ವರ್ಷ ಮನಸ್ಸು ಬದಲಿಸಿ 714ಕ್ಕೇ ಬಿಟ್ಟಿತು. ಒಳ್ಳೆಯದೇ ಆಯಿತು ಅಂತ ನನ್ನ ಅಭಿಪ್ರಾಯ. ಆ ದಿನ ಮೈದಾನದಲ್ಲಿದ್ದ ಎಲ್ಲರೂ ಆ ನಿಯಮ ಗೊತ್ತಿದ್ದೇ ಆಡಿದ್ದರು.

ಇನ್ನೊಂದು ಕಡೆ ಲಾಭವೂ ಇತ್ತಲ್ಲ? 1920ರ ದಶಕ ಮುಗಿಯುವವರೆಗೂ ಚೆಂಡು ನೆಲಕ್ಕೆ ಬಿದ್ದು ಪುಟಿದು ಬೇಲಿ ದಾಟಿದರೂ ಹೋಮ್ ರನ್ನೇ. ನಮ್ಮ ಫೋರ್‌ಗೆ ಸಿಕ್ಸ್ ಕೊಟ್ಟ ಹಾಗೆ. ಹಾಗಾದರೆ 1927ರ 60ರಲ್ಲಿ ಪುಟಿದು ಹೋದದ್ದು ಎಷ್ಟು ಅಂತ ಕೇಳುತ್ತೀರಿ. ಹಳೇ ವರದಿಗಳನ್ನು ಕೆದಕಿದವರಿಗೆ ಒಂದೂ ಸಿಕ್ಕಿಲ್ಲ.

ನನಗೆ ಪಾಪ ಅನ್ನಿಸುವುದು ಲೂ ಗೆಹ್ರಿಗ್ ಬಗ್ಗೆ. 1931ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್‌ನಲ್ಲಿ ಅವರು ಹೊಡೆದ ಚೆಂಡು ಪ್ರೇಕ್ಷಕರ ಸಾಲಿಗೆ ಬಡಿದು ವಾಪಸ್ ಪುಟಿಯಿತು, ಫೀಲ್ಡರ್ ಕೈಗೆ ಬಂತು. ಮುಂದೆ ಓಡುತ್ತಿದ್ದ ಲಿನ್ ಲಾರಿ ಕ್ಯಾಚ್ ಆಯಿತು ಅಂದುಕೊಂಡು ಓಟ ಬಿಟ್ಟು ಸೀದಾ ಡಗೌಟ್ ಕಡೆ ನಡೆದರು. ತಲೆ ತಗ್ಗಿಸಿ ಓಡುತ್ತಿದ್ದ ಗೆಹ್ರಿಗ್, ಲಾರಿ ಅವರನ್ನು ದಾಟಿಬಿಟ್ಟರು. ಮುಂದಿನವನನ್ನು ದಾಟಿದರೆ ಔಟ್. ಹೋಮ್ ರನ್ ಹೋಗಿ ಟ್ರಿಪಲ್ ಆಯಿತು. ವರ್ಷದ ಕೊನೆಗೆ ಗೆಹ್ರಿಗ್ 46, ರೂತ್ 46.

ಈಗ 61ರ ಜಗಳಕ್ಕೆ ಬರೋಣ. 1961ರಲ್ಲಿ ರಾಜರ್ ಮ್ಯಾರಿಸ್ 61 ಹೊಡೆದು ರೂತ್ ಅವರ 60 ಮುರಿದರು. ಆದರೆ ಅದೇ ವರ್ಷ ಅವರ ಲೀಗ್ 154 ಆಟದ ಋತುವನ್ನು 162ಕ್ಕೆ ಬೆಳೆಸಿತ್ತು. 154 ಆಟದೊಳಗೆ ಮುರಿಯದಿದ್ದರೆ ದಾಖಲೆ ಪುಸ್ತಕದಲ್ಲಿ ಬೇರೆ ಗುರುತು ಹಾಕಬೇಕು ಅಂತ ಬೇಸ್‌ಬಾಲ್‌ನ ಮುಖ್ಯಾಧಿಕಾರಿ, ಕಮಿಷನರ್ ಫೋರ್ಡ್ ಫ್ರಿಕ್ ಜುಲೈ 17ರಂದು ಹೇಳಿದರು. ಈ ಫ್ರಿಕ್ ಹಿಂದೆ ರೂತ್ ಅವರ ಹೆಸರಿನಲ್ಲಿ ಲೇಖನ ಬರೆದುಕೊಡುತ್ತಿದ್ದ ಪತ್ರಕರ್ತ! ಅದೇ ದಿನ ಬಾಲ್ಟಿಮೋರ್‌ನಲ್ಲಿ ಮ್ಯಾರಿಸ್ ಹೊಡೆದ ಒಂದು ಹೋಮ್ ರನ್ ಮಳೆಗೆ ಕೊಚ್ಚಿಹೋಯಿತು. ಆಟ ನಿಂತಿತು, ಲೆಕ್ಕಕ್ಕೆ ಬರಲಿಲ್ಲ. 154ರ ಗಡಿಯಲ್ಲಿ ಅವರು 59ಕ್ಕೆ ನಿಂತರು, 61ನೆಯದು ಬಂದದ್ದು ಕೊನೆಯ ದಿನ, ಅಕ್ಟೋಬರ್ 1ರಂದು. ಎಂಟು ಆಟ ಜಾಸ್ತಿ, ನಿಜ. ಆದರೆ ಆಟಗಳನ್ನು ಬಿಟ್ಟು ಬ್ಯಾಟ್ ಹಿಡಿದು ನಿಂತ ಸರದಿಗಳನ್ನು ಎಣಿಸಿ ನೋಡಿ. ರೂತ್ 691, ಮ್ಯಾರಿಸ್ 698. ಏಳೇ ಏಳು ಜಾಸ್ತಿ. ಜನರ ಬಾಯಲ್ಲಿ ಓಡಾಡುವ ಆ ‘ನಕ್ಷತ್ರ ಚಿಹ್ನೆ’ ಯಾವ ಅಧಿಕೃತ ಪುಸ್ತಕದಲ್ಲೂ ಬರಲಿಲ್ಲ, ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಹಾಕುತ್ತಿದ್ದರು ಅಷ್ಟೆ. 1991ರಲ್ಲಿ ಎರಡೂ ಒಂದೇ ದಾಖಲೆ ಅಂತ ತೀರ್ಮಾನವಾಯಿತು. ಮ್ಯಾರಿಸ್ 1985ರಲ್ಲೇ ತೀರಿಕೊಂಡಿದ್ದರು.

ಉಪಯೋಗ ಏನು ಅಂದಿರಿ. ನಾನು ಹಳೇ ಸಂಖ್ಯೆಯನ್ನು ಅದೇ ವರ್ಷದ ಬೇರೆಯವರ ಜೊತೆ ಇಟ್ಟು ನೋಡುತ್ತೇನೆ, ಬೇರೆ ವರ್ಷದ ಜೊತೆ ಅಲ್ಲ. ಆಗ ಸತ್ತ ಸಂಖ್ಯೆ ಮಾತಾಡುತ್ತದೆ. 1911ರಲ್ಲಿ ಅಮೆರಿಕನ್ ಲೀಗ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ಹೊಡೆದವರು ಫ್ರ್ಯಾಂಕ್ ಬೇಕರ್. ಎಷ್ಟು? 11. ಜನ ಅವರನ್ನು ‘ಹೋಮ್ ರನ್’ ಬೇಕರ್ ಅಂತಲೇ ಕರೆದರು. ಜೀವಮಾನದಲ್ಲಿ ಅವರು ಒಂದು ವರ್ಷಕ್ಕೆ 12 ದಾಟಲಿಲ್ಲ. ಒಂದೇ ಚೆಂಡು ಮಣ್ಣು ಮೆತ್ತಿಕೊಂಡು ಆಟದುದ್ದಕ್ಕೂ ಉರುಳುತ್ತಿದ್ದ, ಪಿಚರ್ ಅದಕ್ಕೆ ಉಗುಳು ಹಚ್ಚಿ ಎಸೆಯುತ್ತಿದ್ದ ಕಾಲ ಅದು. 1920ರಲ್ಲಿ ಉಗುಳಿಗೆ ಕಡಿವಾಣ ಬಿತ್ತು. ಅದೇ ವರ್ಷ ರೇ ಚಾಪ್‌ಮನ್ ತಲೆಗೆ ಚೆಂಡು ಬಡಿದು ತೀರಿಕೊಂಡ ಮೇಲೆ ಕೊಳೆಯಾದ ಚೆಂಡನ್ನು ಬೇಗ ಬೇಗ ಬದಲಿಸತೊಡಗಿದರು. ಆ ವರ್ಷ ರೂತ್ ಹೊಡೆದದ್ದು 54. ಅವರ ಲೀಗ್‌ನ ಬೇರೆ ಯಾವ ತಂಡವೂ, ಇಡೀ ತಂಡ ಸೇರಿ, ಅಷ್ಟು ಹೊಡೆಯಲಿಲ್ಲ. 1927ರಲ್ಲೂ ಇದೇ ಕತೆ: ರೂತ್ ಒಬ್ಬರೇ 60, ಆ ಲೀಗ್‌ನಲ್ಲಿ ಅವರ ತಂಡ ಬಿಟ್ಟರೆ ಹತ್ತಿರ ಬಂದ ಫಿಲಡೆಲ್ಫಿಯಾ ಇಡೀ ತಂಡಕ್ಕೆ 56. ಬಾಂಡ್ಸ್ 73 ಹೊಡೆದ 2001ರಲ್ಲಿ 100ಕ್ಕಿಂತ ಕಡಿಮೆ ಹೊಡೆದ ತಂಡವೇ ಇರಲಿಲ್ಲ. 60 ದೊಡ್ಡದಾ, 73 ದೊಡ್ಡದಾ ಅನ್ನುವ ಜಗಳಕ್ಕೆ ನನ್ನ ಹತ್ತಿರ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಮದ್ದಿನ ವಿಚಾರ ನೀವು ಎತ್ತಿಲ್ಲ, ನಾನೂ ಬೆಳೆಸುವುದಿಲ್ಲ. 1998ರಲ್ಲಿ 70 ಹೊಡೆದ ಮಾರ್ಕ್ ಮೆಗ್ವೈರ್ 2010ರಲ್ಲಿ ಸ್ಟೀರಾಯ್ಡ್ ತೆಗೆದುಕೊಂಡಿದ್ದೆ ಅಂತ ಒಪ್ಪಿಕೊಂಡರು. ಆ 70 ಇನ್ನೂ ಪುಸ್ತಕದಲ್ಲಿದೆ, ಇರಲಿ. ಅಳಿಸಿದರೆ ಆ ಚೆಂಡುಗಳನ್ನು ಎಸೆದವರ ಲೆಕ್ಕವನ್ನು ಏನು ಮಾಡುತ್ತೀರಿ?

ಇನ್ನು ಗಿಬ್ಸನ್. ‘ಸುಮಾರು 800’ ಅನ್ನುವುದು ನಾವು ಸುಮ್ನೆ ಕಟ್ಟಿದ ಸಂಖ್ಯೆ ಅಲ್ಲ. ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್‌ನಲ್ಲಿ ಅವರ ಫಲಕದ ಮೇಲೇ ಹಾಗಿದೆ. ಆದರೆ ಲೀಗ್ ಆಟ, ಹೊರಗಿನ ಆಟ ಎರಡೂ ಸೇರಿ ಅಂತ ಅಲ್ಲೇ ಬರೆದಿದ್ದಾರೆ. ನಾವು ಅದನ್ನು ನುಂಗಿಬಿಟ್ಟೆವು. ಕರಿಯರನ್ನು ದೊಡ್ಡ ಲೀಗ್‌ಗಳಿಗೆ ಸೇರಿಸದ ಕಾಲದಲ್ಲಿ ಗಿಬ್ಸನ್ ನೀಗ್ರೋ ಲೀಗ್‌ನಲ್ಲಿ ಆಡಿದರು. ಅಲ್ಲಿ ಲೀಗ್ ಆಟಗಳು ಕಡಿಮೆ. ಹೊಟ್ಟೆಪಾಡಿಗೆ ಊರೂರು ಸುತ್ತಿ ಸಿಕ್ಕ ತಂಡದ ಜೊತೆ ಆಡಬೇಕಿತ್ತು. ಆ ಆಟಗಳಿಗೆ ಎಷ್ಟೋ ಸಲ ವರದಿಗಾರನೇ ಇರುತ್ತಿರಲಿಲ್ಲ. ಮೇಜರ್ ಲೀಗ್ 2020ರಲ್ಲಿ 1920ರಿಂದ 1948ರವರೆಗಿನ ಏಳು ನೀಗ್ರೋ ಲೀಗ್‌ಗಳಿಗೆ ಸಮಾನ ಸ್ಥಾನ ಕೊಟ್ಟಿತು, 2024ರಲ್ಲಿ ಅವುಗಳ ಲೆಕ್ಕವನ್ನು ತನ್ನದರ ಜೊತೆ ಸೇರಿಸಿತು. ಆಗ ಗಿಬ್ಸನ್ ಅವರ ಬ್ಯಾಟಿಂಗ್ ಸರಾಸರಿ .372 ಆಗಿ ಟೈ ಕಾಬ್ ಅವರನ್ನೂ ಹಿಂದೆ ಹಾಕಿತು. ಹೋಮ್ ರನ್ ಮಾತ್ರ 200ರ ಒಳಗೇ ಉಳಿಯಿತು. 800ಕ್ಕೂ ಅದಕ್ಕೂ ನಡುವೆ ಇರುವ ಅಂತರದಲ್ಲಿ ಸುಳ್ಳು ಎಷ್ಟು, ಬರೆದಿಡದ ನಿಜ ಎಷ್ಟು ಅಂತ ಬೇರೆ ಮಾಡಲು ಈಗ ದಾರಿ ಇಲ್ಲ. ಅವರು 1947ರ ಜನವರಿಯಲ್ಲಿ, 35ನೇ ವಯಸ್ಸಿನಲ್ಲಿ ತೀರಿಕೊಂಡರು. ಏಪ್ರಿಲ್‌ನಲ್ಲಿ ಜ್ಯಾಕಿ ರಾಬಿನ್ಸನ್ ಮೇಜರ್ ಲೀಗ್‌ಗೆ ಕಾಲಿಟ್ಟರು.

ಮುಂದಿನ ಸಂಚಿಕೆಯಲ್ಲಿ ಪಟ್ಟಿ ತಿದ್ದಿ ಹಾಕುತ್ತೇವೆ. ಗಿಬ್ಸನ್ ಅವರಿಗೆ ಪ್ರತ್ಯೇಕ ಚೌಕ, ಫಲಕದ ಮಾತು ಪೂರ್ತಿಯಾಗಿ. ಜಪಾನಿನ ಸದಹಾರು ಓ ಅವರ 868 ಕೂಡ ಅಲ್ಲೇ ಪಕ್ಕದಲ್ಲಿ, ಬೇರೆ ದೇಶದ ಲೀಗ್ ಅನ್ನುವ ಸಾಲಿನೊಂದಿಗೆ.

ಮಗನ ತಂಡದ ಸ್ಕೋರ್ ಬರೆಯುತ್ತೀರಿ ಅಂದಿರಲ್ಲ, ನಮ್ಮ ಕಡೆಯಿಂದ ಒಂದು ಕೋರಿಕೆ. ಪುಟದ ಮೇಲ್ತುದಿಯಲ್ಲಿ ಆ ದಿನದ ಮೈದಾನದ ಬೇಲಿ ಎಷ್ಟು ಅಡಿ ದೂರದಲ್ಲಿತ್ತು ಅಂತಲೂ ಬರೆದಿಡಿ. ಮಳೆಗೆ ನಿಂತುಹೋದ ಆಟದ ಹಾಳೆಯನ್ನೂ ಹರಿಯಬೇಡಿ.