ಲ್ಯಾಬ್‌ವ್ಯೂನಲ್ಲಿ ಎಕ್ಸ್‌ಪಾತ್: ಸಿಕ್ಕ ನೋಡ್ ಎಷ್ಟನೆಯದು?

ಲ್ಯಾಬ್‌ವ್ಯೂ ಅಂದರೆ ಚಿತ್ರಗಳನ್ನು ವಯರ್‌ಗಳಿಂದ ಜೋಡಿಸಿ ಪ್ರೋಗ್ರಾಂ ಕಟ್ಟುವ ಭಾಷೆ, ಅದರ ಪ್ರತಿ ಪ್ರೋಗ್ರಾಂ ಘಟಕ ಒಂದು ವಿಐ. ಎಕ್ಸ್‌ಪಾತ್ ಅಂದರೆ ಎಕ್ಸ್‌ಎಂಎಲ್ ಫೈಲಿನ ನೋಡ್‌ಗಳನ್ನು, ಅಂದರೆ ಅದರ ಟ್ಯಾಗ್ ಮುಂತಾದ ಭಾಗಗಳನ್ನು, ಹುಡುಕುವ ಭಾಷೆ. ಗೆಟ್ ಆಲ್ ಮ್ಯಾಚ್ಡ್ ನೋಡ್ಸ್ ವಿಐಗೆ ಪೊಸಿಷನ್() ಎಂಬ ಎಕ್ಸ್‌ಪಾತ್ ಫಂಕ್ಷನ್ ಕೊಟ್ಟರೆ ಸಂಖ್ಯೆ ಬರುತ್ತಿಲ್ಲ, ಸಿಕ್ಕ ನೋಡ್ ಎಷ್ಟನೆಯದು ಅಂತ ತಿಳಿಯುವುದು ಹೇಗೆ ಅಂತ ಕೇಳಿದ್ದೀರಿ. ಉತ್ತರ ಕೆಳಗಿದೆ. ಆದರೆ ನೀವು ಹಾಕಿರುವ //ಸ್ಟೆಪ್[5] ನೋಡಿದ ಮೇಲೆ ಮೊದಲು ಅದರ ಬಗ್ಗೆ ಹೇಳಲೇಬೇಕು. ನಾನು ಎಡವಿದ್ದು ಅಲ್ಲೇ.

ನನ್ನದು ಸರ್ಕ್ಯೂಟ್ ಬೋರ್ಡ್ ಪರೀಕ್ಷಿಸುವ ಪ್ರೋಗ್ರಾಂ. ಯಾವ ಸ್ಟೆಪ್‌ನಲ್ಲಿ ಏನು ಅಳೆಯಬೇಕು, ಮಿತಿ ಎಷ್ಟು ಎಂಬುದೆಲ್ಲ ಎಕ್ಸ್‌ಎಂಎಲ್ ಫೈಲಿನಲ್ಲಿತ್ತು. ಫಾರ್ ಲೂಪ್‌ನ ಎಣಿಕೆಗೆ 1 ಕೂಡಿಸಿ, //ಸ್ಟೆಪ್[1], //ಸ್ಟೆಪ್[2] ಎಂದು ಸ್ಟ್ರಿಂಗ್ ಕಟ್ಟಿ, ಗೆಟ್ ಫಸ್ಟ್ ಮ್ಯಾಚ್ಡ್ ನೋಡ್‌ಗೆ ಕೊಡುತ್ತಿದ್ದೆ. ಫೈಲಿನಲ್ಲಿ ಒಂದೇ ಗ್ರೂಪ್, ಅದರಲ್ಲಿ 4 ಸ್ಟೆಪ್ ಇದ್ದಷ್ಟು ದಿನ ಸರಿಯಾಗಿ ನಡೆಯಿತು. ಆಮೇಲೆ 5 ಸ್ಟೆಪ್‌ಗಳ ಇನ್ನೊಂದು ಗ್ರೂಪ್, 3 ಸ್ಟೆಪ್‌ಗಳ ಮತ್ತೊಂದು ಗ್ರೂಪ್ ಸೇರಿ ಒಟ್ಟು 12 ಆದವು. 1ರಿಂದ 4ರವರೆಗೆ ಸರಿ. 5ನೆಯದು ಕೇಳಿದರೆ 9ನೆಯದು ಬಂತು. 6ರಿಂದ ಮುಂದೆ ಏನೂ ಸಿಗಲಿಲ್ಲ.

ಸಿಗದೇ ಹೋದದ್ದು ಕಣ್ಣಿಗೆ ಬೀಳುತ್ತದೆ. ನಿಜವಾದ ಪೆಟ್ಟು ಕೊಟ್ಟದ್ದು ಆ 5ನೆಯದು: ದೋಷದ ಸುದ್ದಿ ತರುವ ಎರರ್ ವಯರ್‌ನಲ್ಲಿ ಏನೂ ಇಲ್ಲ, ನೋಡ್‌ನ ರೆಫರೆನ್ಸ್ (ಅದನ್ನು ತಲುಪುವ ಹಿಡಿಕೆ) ಸರಿಯಾಗಿದೆ, ಮಿತಿಗಳು ಮಾತ್ರ ಬೇರೆ ಸ್ಟೆಪ್‌ನವು. ಎಕ್ಸ್‌ಪಾತ್ 1ರಿಂದ ಎಣಿಸುತ್ತದೆ, ಲ್ಯಾಬ್‌ವ್ಯೂ ಅರೇ 0ಯಿಂದ. ದೋಷ ಅಲ್ಲೇ ಇರಬೇಕು ಅಂದುಕೊಂಡು ಆ 1 ಕೂಡಿಸುವುದನ್ನು ತೆಗೆದೆ. ಸರಿಯಿದ್ದ ಮೊದಲ ಗ್ರೂಪ್ ಕೂಡ ಕೆಟ್ಟಿತು.

ಕಾರಣ ಇದು. // ಎಂಬುದು /ಡಿಸೆಂಡೆಂಟ್-ಆರ್-ಸೆಲ್ಫ್::ನೋಡ್()/ ಎಂಬುದರ ಸಂಕ್ಷೇಪ. ಅದರ ಮುಂದೆ ಬರುವ ಸ್ಟೆಪ್[5] ಪ್ರತಿ ತಾಯಿ ನೋಡ್‌ಗೂ ಪ್ರತ್ಯೇಕವಾಗಿ ಅನ್ವಯಿಸುತ್ತದೆ. ಹಾಗಾಗಿ //ಸ್ಟೆಪ್[5] ಅಂದರೆ "ಫೈಲಿನ 5ನೇ ಸ್ಟೆಪ್" ಅಲ್ಲ, "ತನ್ನ ತಾಯಿಯ 5ನೇ ಸ್ಟೆಪ್ ಮಗು ಆಗಿರುವ ಎಲ್ಲವೂ". 5 ಸ್ಟೆಪ್ ಇದ್ದದ್ದು ಎರಡನೇ ಗ್ರೂಪ್‌ನಲ್ಲಿ ಮಾತ್ರ. ಅದರ ಕೊನೆಯದು ಒಟ್ಟು ಲೆಕ್ಕದಲ್ಲಿ 4+5, ಅಂದರೆ 9. ನಿಮಗೆ ಫೈಲಿನ 5ನೆಯದು ಬೇಕಾದರೆ ಆವರಣ ಹಾಕಿ (//ಸ್ಟೆಪ್)[5] ಎಂದೇ ಬರೆಯಬೇಕು. //ಸ್ಟೆಪ್[2] ಅಂತೂ ಮೂರು ನೋಡ್ ಕೊಡುತ್ತದೆ, ಗೆಟ್ ಫಸ್ಟ್ ಅವುಗಳಲ್ಲಿ ಒಂದನ್ನಷ್ಟೇ ತೋರಿಸಿ ಉಳಿದೆರಡನ್ನು ಮರೆಮಾಡುತ್ತದೆ. ಪರೀಕ್ಷಿಸುವಾಗ ಯಾವಾಗಲೂ ಗೆಟ್ ಆಲ್ ಬಳಸಿ, ಅದು ಕೊಡುವ ಅರೇಯ ಸೈಜ್ ಮೇಲೆ ಪ್ರೋಬ್ (ವಯರ್‌ನಲ್ಲಿ ಹರಿಯುವ ಮೌಲ್ಯ ತೋರಿಸುವ ಸಾಧನ) ಇಡಿ.

ಈಗ ನಿಮ್ಮ ಪೊಸಿಷನ್(). ಎಕ್ಸ್‌ಪಾತ್ 1.0ರಲ್ಲಿ ಉತ್ತರ ನೋಡ್‌ಗಳ ಗುಂಪಾಗಿರಬಹುದು, ಸಂಖ್ಯೆ, ಸ್ಟ್ರಿಂಗ್ ಅಥವಾ ಬೂಲಿಯನ್ ಆಗಿರಬಹುದು. ಈ ವಿಐಗಳ ಹೊರಗಿಂಡಿಯಲ್ಲಿ (ಔಟ್‌ಪುಟ್‌ನಲ್ಲಿ) ನೋಡ್ ರೆಫರೆನ್ಸ್ ಬಿಟ್ಟು ಬೇರೇನೂ ಬರಲು ಜಾಗವಿಲ್ಲ. ಪಾತ್‌ನ ಕೊನೆಗೆ /ಪೊಸಿಷನ್() ಅಂಟಿಸುವುದಂತೂ 2.0ರ ವ್ಯಾಕರಣ, 1.0ರಲ್ಲಿ ತಪ್ಪು. ಆದ್ದರಿಂದ ಸಂಖ್ಯೆ ಕೇಳಬೇಡಿ. ಎಣಿಸಬೇಕಾದ ನೋಡ್‌ಗಳನ್ನೇ ಕೇಳಿ, ಎಣಿಕೆಯನ್ನು ಲ್ಯಾಬ್‌ವ್ಯೂಗೆ ಬಿಡಿ:

//ಸ್ಟೆಪ್[@ಐಡಿ='ರಿಲೇ7']/ಪ್ರಿಸೀಡಿಂಗ್-ಸಿಬ್ಲಿಂಗ್::ಸ್ಟೆಪ್

ಇದು ಆ ಐಡಿಯ ಸ್ಟೆಪ್‌ಗಿಂತ ಮೊದಲು ಅದೇ ಗ್ರೂಪ್‌ನಲ್ಲಿ ಬರುವ ಸ್ಟೆಪ್‌ಗಳನ್ನು ಕೇಳುತ್ತದೆ. ಇದನ್ನು ಗೆಟ್ ಆಲ್‌ಗೆ ಕೊಟ್ಟು ಅರೇ ಸೈಜ್ ತೆಗೆದರೆ 0ಯಿಂದ ಎಣಿಸಿದ ಸ್ಥಾನ ನೇರವಾಗಿ ಸಿಗುತ್ತದೆ. ಒಂದು ತೊಡಕಿದೆ: ಸೈಜ್ 0 ಬಂದರೆ ಅದು ಮೊದಲನೆಯದೋ, ಅಂಥ ಸ್ಟೆಪ್ಪೇ ಇಲ್ಲವೋ ಗೊತ್ತಾಗುವುದಿಲ್ಲ. ಅದಕ್ಕೇ ನಾನು ಆ ನೋಡನ್ನೂ ಸೇರಿಸಿ ಕೇಳುತ್ತೇನೆ:

//ಸ್ಟೆಪ್[@ಐಡಿ='ರಿಲೇ7'] | //ಸ್ಟೆಪ್[@ಐಡಿ='ರಿಲೇ7']/ಪ್ರಿಸೀಡಿಂಗ್-ಸಿಬ್ಲಿಂಗ್::ಸ್ಟೆಪ್

ಈಗ ಮೊದಲನೆಯದಕ್ಕೆ 1 ಬರುತ್ತದೆ, 0 ಬಂದರೆ ಇಲ್ಲವೇ ಇಲ್ಲ ಎಂದರ್ಥ. ಈ ಸ್ಥಾನ ಆ ಗ್ರೂಪ್‌ನೊಳಗಿನದು ಎಂಬುದು ನೆನಪಿರಲಿ.

ಪ್ರಾಪರ್ಟಿ ನೋಡ್‌ನಲ್ಲಿ ಪ್ರೀವಿಯಸ್ ಸಿಬ್ಲಿಂಗ್ (ಹಿಂದಿನ ಸೋದರ ನೋಡ್) ಹಿಡಿದು ವೈಲ್ ಲೂಪ್‌ನಲ್ಲಿ ಹಿಂದಕ್ಕೆ ನಡೆಯುವ ದಾರಿ ನನಗೆ ಹಿಡಿಸುವುದಿಲ್ಲ. ಇಂಡೆಂಟ್ ಮಾಡಿದ ಫೈಲಿನಲ್ಲಿ ಟ್ಯಾಗ್‌ಗಳ ನಡುವಿನ ಖಾಲಿ ಜಾಗವೂ ಟೆಕ್ಸ್ಟ್ ನೋಡ್ ಆಗುತ್ತದೆ. 4 ಸ್ಟೆಪ್ ಇರುವ ಗ್ರೂಪ್‌ಗೆ 9 ಮಕ್ಕಳು. ನೋಡ್ ಟೈಪ್ ನೋಡಿ ಎಲಿಮೆಂಟ್‌ಗಳನ್ನಷ್ಟೇ ಎಣಿಸದಿದ್ದರೆ ಲೆಕ್ಕ ದಾರಿ ತಪ್ಪುತ್ತದೆ. ಸಂಖ್ಯೆಯೇ ಬೇಕೆಂದರೆ, ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್ ಡಾಟ್‌ನೆಟ್‌ನ ಎಕ್ಸ್‌ಪಾತ್‌ನ್ಯಾವಿಗೇಟರ್‌ನ ಇವ್ಯಾಲ್ಯುಯೇಟ್ ಮೆಥಡ್‌ಗೆ ಕೌಂಟ್(...) ಕೊಡಬಹುದು, ಉತ್ತರ ಡಬಲ್ (ದಶಮಾಂಶ ಸಂಖ್ಯೆ) ಆಗಿ ಸಿಗುತ್ತದೆ. ಇಷ್ಟು ಸಣ್ಣ ಕೆಲಸಕ್ಕೆ ಅದು ಬೇಕಿಲ್ಲ.

ನಿಜ ಹೇಳಬೇಕೆಂದರೆ ನಿಮಗೆ ಸ್ಥಾನವೇ ಬೇಕಿಲ್ಲ ಅನಿಸುತ್ತದೆ. ಸ್ಥಾನವನ್ನು ಬರೆದಿಟ್ಟುಕೊಂಡು ಆಮೇಲೆ ಅದರಿಂದಲೇ ಸ್ಟೆಪ್ ಹುಡುಕುತ್ತೇನೆ ಅಂದಿದ್ದೀರಿ. ನಾಳೆ ಯಾರೋ ನಡುವೆ ಒಂದು ಸ್ಟೆಪ್ ಸೇರಿಸುತ್ತಾರೆ, ಬರೆದಿಟ್ಟ ಸಂಖ್ಯೆಗಳೆಲ್ಲ ಒಂದೊಂದು ಮನೆ ಜರುಗುತ್ತವೆ. ಪ್ರತಿ ಸ್ಟೆಪ್‌ಗೂ ಐಡಿ ಕೊಡಿ, ಅದನ್ನೇ ಉಳಿಸಿಕೊಳ್ಳಿ, ಅದರಿಂದಲೇ ಹುಡುಕಿ. ಕ್ರಮವಾಗಿ ಓಡಿಸಲು ಮಾತ್ರ ಬೇಕಿದ್ದರೆ //ಸ್ಟೆಪ್ ಅನ್ನು ಒಂದೇ ಸಲ ತಂದು ಫಾರ್ ಲೂಪ್‌ಗೆ ಆಟೋ ಇಂಡೆಕ್ಸ್ ಮಾಡಿ (ಪ್ರತಿ ಸುತ್ತಿಗೂ ಒಂದೊಂದು ನೋಡ್ ತಾನಾಗಿ ಬರುತ್ತದೆ), ಲೂಪ್‌ನ ಎಣಿಕೆಯೇ ಸ್ಥಾನ.

ಯಾವ ದಾರಿ ಹಿಡಿದರೂ ಗೆಟ್ ಆಲ್ ಕೊಡುವ ಅರೇಯಲ್ಲಿ ಪ್ರತಿಯೊಂದೂ ತೆರೆದ ರೆಫರೆನ್ಸ್. ಕೆಲಸ ಮುಗಿದ ಮೇಲೆ ಫಾರ್ ಲೂಪ್‌ನಲ್ಲಿ ಒಂದೊಂದನ್ನೂ ಕ್ಲೋಸ್ ಮಾಡಿ, ಡಾಕ್ಯುಮೆಂಟ್‌ನದನ್ನು ಕೊನೆಗೆ.